ಚಿತ್ರದ ಬೆರಳಚ್ಚು

ಪ್ರಯೋಗಾಲಯದ ಅವಧಿ ಮುಗಿದ ಮೇಲೂ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹೋಗದೆ ನಿಂತಿದ್ದಳು. ಅವಳ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿದ ಅಶ್ಲೀಲ ಚಿತ್ರ ಅಂತರಜಾಲದಲ್ಲಿ ಹರಿದಾಡುತ್ತಿತ್ತು. 'ಒಂದು ಕಡೆ ತೆಗೆಸಿದರೆ ಇನ್ನೊಂದು ಕಡೆ ಬರುತ್ತದೆ ಸಾರ್. ಪ್ರತಿ ಸಲವೂ ಅದನ್ನು ಯಾರಿಗಾದರೂ ತೋರಿಸಿಯೇ ದೂರು ಕೊಡಬೇಕೆ?' ಎಂದು ಕೇಳಿದಳು. ನೊಂದ ಹುಡುಗಿಯ ಈ ಮಾತಿನಲ್ಲಿ ಗಣಿತದ ಪ್ರಶ್ನೆಯೊಂದು ಅಡಗಿದೆ. ಚಿತ್ರವನ್ನು ತೋರಿಸದೆಯೇ ಆ ಚಿತ್ರವನ್ನು ಗುರುತಿಸಲು ಸಾಧ್ಯವೆ?

ಸಾಧ್ಯ. ಅದಕ್ಕೆ ಬಳಸುವ ಸಾಧನದ ಹೆಸರು 'ಹ್ಯಾಶ್'. ಎಷ್ಟೇ ದೊಡ್ಡ ಕಡತವಾದರೂ ಅದನ್ನು ನಿಗದಿತ ಉದ್ದದ ಒಂದು ಸಂಖ್ಯೆಯಾಗಿ ಇಳಿಸುವ ಲೆಕ್ಕಾಚಾರವಿದು. ಮನುಷ್ಯನಿಗೆ ಬೆರಳಚ್ಚು ಇದ್ದ ಹಾಗೆ. ಬೆರಳಚ್ಚಿನಿಂದ ಆಳನ್ನು ಗುರುತಿಸಬಹುದು, ಅವನ ಮುಖವನ್ನು ಬರೆಯಲಾಗದು.

ಹ್ಯಾಶ್‌ಗಳಲ್ಲಿ ಎರಡು ಬಗೆ. ಶಾ-256 ಎಂಬುದು ಮೊದಲನೆಯ ಬಗೆಯದು. ಇದರ ಉತ್ತರ ಸದಾ 256 ಬಿಟ್‌ಗಳು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಉತ್ತರದಲ್ಲಿ ಸರಾಸರಿ ಅರ್ಧದಷ್ಟು, ಎಂದರೆ ಸುಮಾರು 128 ಬಿಟ್‌ಗಳು ತಲೆಕೆಳಗಾಗುತ್ತವೆ. ಕಡತ ತಿದ್ದಲ್ಪಟ್ಟಿಲ್ಲ ಎಂದು ತೋರಿಸಲು ಇದು ಬಹಳ ಒಳ್ಳೆಯದು. ಆದರೆ ಕಿಡಿಗೇಡಿಯೊಬ್ಬ ಚಿತ್ರವನ್ನು ಸ್ವಲ್ಪ ಕಿರಿದುಗೊಳಿಸಿ ಮತ್ತೆ ಹಾಕಿದರೆ ಇದಕ್ಕೆ ಗುರುತೇ ಸಿಗದು.

ಎರಡನೆಯ ಬಗೆ ಕಣ್ಣಿಗೆ ಕಾಣುವ ರೂಪವನ್ನು ಅಳೆಯುತ್ತದೆ. ಇದರ ಅತಿ ಸರಳ ಮಾದರಿಯನ್ನು ಕರಿಹಲಗೆಯ ಮೇಲೇ ಮಾಡಬಹುದು. ಒಂದು ಚಿತ್ರವನ್ನು ಕುಗ್ಗಿಸಿ 9 ಚೌಕಗಳಿಗೆ ಇಳಿಸಿದ್ದೇವೆ ಎನ್ನಿ. ಸಾಲು ಸಾಲಾಗಿ ಅವುಗಳ ಹೊಳಪು 20, 40, 160. 30, 150, 210. 50, 190, 50. ಒಟ್ಟು 900, ಸರಾಸರಿ 100. ಸರಾಸರಿಗಿಂತ ಹೆಚ್ಚಿದ್ದರೆ 1, ಕಡಿಮೆ ಇದ್ದರೆ 0 ಬರೆಯಿರಿ. 001 011 010 ಎಂಬ ಬೆರಳಚ್ಚು ಸಿಕ್ಕಿತು. ಈಗ ಇಡೀ ಚಿತ್ರದ ಹೊಳಪನ್ನು 30ರಷ್ಟು ಹೆಚ್ಚಿಸಿ. ಸರಾಸರಿಯೂ 130ಕ್ಕೆ ಏರುತ್ತದೆ, ಬೆರಳಚ್ಚು ಮಾತ್ರ ಬದಲಾಗದು! ಚಿತ್ರದ ಅಂಚು ಕತ್ತರಿಸಿದರೆ ಒಂದೆರಡು ಬಿಟ್ ಬದಲಾಗಬಹುದು. ಎರಡು ಬೆರಳಚ್ಚುಗಳಲ್ಲಿ ಎಷ್ಟು ಸ್ಥಾನಗಳು ಬೇರೆಯಾಗಿವೆ ಎಂಬ ಎಣಿಕೆಗೆ ಹ್ಯಾಮಿಂಗ್ ಅಂತರ ಎಂದು ಹೆಸರು. ಅದು ಚಿಕ್ಕದಾಗಿದ್ದರೆ 'ಅದೇ ಚಿತ್ರ' ಎಂದು ತೀರ್ಮಾನ.

ಇಲ್ಲಿಯೇ ದೌರ್ಬಲ್ಯವೂ ಇದೆ. ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದರೆ 100 110 010 ಬರುತ್ತದೆ. 9ರಲ್ಲಿ 4 ಸ್ಥಾನಗಳು ಬೇರೆ. ನಮ್ಮ ಸರಳ ಯಂತ್ರ ಸೋತಿತು. ತಿರುಗಿಸಿದ ರೂಪಗಳ ಬೆರಳಚ್ಚನ್ನೂ ತೆಗೆದು ಹೋಲಿಸುವುದು ಇದಕ್ಕೊಂದು ಪರಿಹಾರ.

ಬಳಕೆಯಲ್ಲಿರುವ ವಿಧಾನಗಳು ಇದಕ್ಕಿಂತ ಜಾಣ. ಮೈಕ್ರೋಸಾಫ್ಟ್ ಸಂಸ್ಥೆ ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಅವರೊಡನೆ 2009ರಲ್ಲಿ ರೂಪಿಸಿದ ಫೋಟೋಡಿಎನ್‌ಎ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಿಡಿಯಲೆಂದೇ ಹುಟ್ಟಿತು. ಫೇಸ್‌ಬುಕ್ 2019ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಪಿಡಿಕ್ಯೂ ಎಂಬುದು 256 ಬಿಟ್‌ಗಳ ಬೆರಳಚ್ಚು ಕೊಡುತ್ತದೆ.

2021ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಿಂದ ಆರಂಭವಾದ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಈ ತತ್ತ್ವದ ಮೇಲೆಯೇ ನಿಂತಿದೆ. 18 ದಾಟಿದವರಾರೂ ತಮ್ಮ ಖಾಸಗಿ ಚಿತ್ರವನ್ನು ತಮ್ಮದೇ ಫೋನಿನಲ್ಲಿ ಆರಿಸಿದರೆ ಲೆಕ್ಕಾಚಾರ ಅಲ್ಲಿಯೇ ನಡೆಯುತ್ತದೆ. ಚಿತ್ರ ಫೋನು ಬಿಟ್ಟು ಕದಲುವುದಿಲ್ಲ, ಸಂಖ್ಯೆ ಮಾತ್ರ ಹೊರಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಪಾಲುದಾರ ತಾಣಗಳು ತಮ್ಮಲ್ಲಿ ಬರುವ ಚಿತ್ರಗಳನ್ನು ಆ ಸಂಖ್ಯೆಯೊಡನೆ ಹೋಲಿಸುತ್ತವೆ. 18ರ ಒಳಗೆ ತೆಗೆದ ಚಿತ್ರಗಳಿಗಾಗಿ 2023ರಲ್ಲಿ ಅಮೆರಿಕದಿಂದ ಟೇಕ್ ಇಟ್ ಡೌನ್ ಎಂಬ ಸೇವೆ ಬಂತು. ಪಾಲುದಾರರಲ್ಲದ ತಾಣಗಳಲ್ಲಿ ಇದು ನಡೆಯದು. ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂದೇಶಗಳೊಳಗೂ ಇಣುಕಲಾರದು. ಹಾಗಾಗಿ ಇದೊಂದೇ ಸಾಲದು, ದೂರನ್ನೂ ಕೊಡಬೇಕು.

ದೂರಿನ ವಿಷಯದಲ್ಲಿ ಮೊದಲ ಬಗೆಯ ಹ್ಯಾಶ್ ಮತ್ತೆ ಕೆಲಸಕ್ಕೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ವಿಳಾಸ, ದಿನಾಂಕ, ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದು ಮೂಲ ಕಡತವನ್ನು ಹಾಗೆಯೇ ಇಡಿ. ವಾಟ್ಸಾಪ್‌ನಲ್ಲಿ ಅದನ್ನು ಫೋಟೋ ಆಗಿ ಕಳುಹಿಸಿದರೆ ಚಿತ್ರ ಮತ್ತೆ ಒತ್ತಲ್ಪಡುತ್ತದೆ, ಹ್ಯಾಶ್ ಪೂರ್ತಿ ಬದಲಾಗುತ್ತದೆ. ಅಧ್ಯಾಪಕರಿಗೂ ಒಂದು ಮಾತು. 'ನೋಡಿ, ಹೀಗಾಗಿದೆ' ಎಂದು ಸಹೋದ್ಯೋಗಿಗಳಿಗೆ ಕಳುಹಿಸುವುದೂ ಹರಡುವುದೇ. ಚಿತ್ರ ಅಪ್ರಾಪ್ತರದಾದರೆ ಅದು ಅಪರಾಧವೂ ಹೌದು.

ತಾಣದ ದೂರು ಅಧಿಕಾರಿಗೆ ಬರೆಯುವುದು ಒಂದು ದಾರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ, ಕೃತಕವಾಗಿ ತಿರುಚಿದ ಚಿತ್ರಗಳನ್ನೂ ಸೇರಿಸಿ, ಇಂಥ ದೂರಿಗೆ 24 ಗಂಟೆಗಳ ಗಡುವು ಹಾಕಿದ್ದವು. ಇನ್ನೊಂದು ದಾರಿ, ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರುಗಳಿಗೆ ಪ್ರತ್ಯೇಕ ವಿಭಾಗವಿದೆ.

ಆ ಹುಡುಗಿ ಅಂದು ಸಂಜೆ ಎರಡನ್ನೂ ಮಾಡಿದಳು. ಕನ್ನಡಿ ಬಿಂಬದ ಬೆರಳಚ್ಚನ್ನೂ ಸೇರಿಸಬೇಕೆಂಬ ಯೋಚನೆ ಬಂದದ್ದು ಅವಳಿಗೇ, ನನಗಲ್ಲ.