ಮನೆಯ ವೈ-ಫೈ ಕಾಣದಾದಾಗ

ಮಹಾನಗರದ ಗೃಹಜೀವನದಲ್ಲಿ ನೀರು, ವಿದ್ಯುತ್ತು, ಅಡಿಗೆ ಅನಿಲಗಳ ಸಾಲಿಗೆ ಅಂತರ್ಜಾಲವೂ ಸೇರಿ ಹಲವು ವರ್ಷಗಳೇ ಸಂದಿವೆ. ಊರಿನಲ್ಲಿರುವ ಬಂಧುಗಳ ಮುಖ ನೋಡುವುದು, ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಕಚೇರಿಯ ಕೆಲಸ ಇವೆಲ್ಲವೂ ಗೋಡೆಗೆ ತಗಲಿಸಿದ ಒಂದು ಸಣ್ಣ ಪೆಟ್ಟಿಗೆಯನ್ನು ಅವಲಂಬಿಸಿವೆ. ನಿವೃತ್ತರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರವನ್ನು 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯ ಮೂಲಕ ಈಗ ಮನೆಯಿಂದಲೇ ಸಲ್ಲಿಸಬಹುದು. 2020ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ದೂರವೈದ್ಯ ಸಮಾಲೋಚನೆಯ ಮಾರ್ಗಸೂಚಿಗಳನ್ನು ಪ್ರಕಟಿಸಿದ ಮೇಲೆ ವೈದ್ಯರನ್ನು ವೀಡಿಯೋ ಮೂಲಕ ಕಾಣುವುದೂ ರೂಢಿಗೆ ಬಂದಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನಿನ ಪಟ್ಟಿಯಿಂದ ಮನೆಯ ವೈ-ಫೈ ಹೆಸರೇ ಮಾಯವಾದರೆ ಮನೆಮಂದಿ ಗಾಬರಿಗೊಳ್ಳುವುದು ಸಹಜ. ಆ ಗಾಬರಿಯಲ್ಲಿ ಕೆಲವರು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಾರೆ. ಕೆಲವರು ಎಲ್ಲಿಯೋ ಕಂಡ ದೂರವಾಣಿ ಸಂಖ್ಯೆಗೆ ಕರೆ ಮಾಡುತ್ತಾರೆ. ಈ ಎರಡರಿಂದ ಆಗುವ ಹಾನಿ ಮೂಲದೋಷದಿಂದ ಆಗುವ ಹಾನಿಗಿಂತ ಹೆಚ್ಚಿನದು. ರೋಗವನ್ನು ಗುರುತಿಸಿ ಆಮೇಲೆ ಔಷಧ ಕೊಡಬೇಕೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

ರೂಟರಿನ ಎರಡು ಕೆಲಸಗಳು

ರೂಟರ್ ಎಂಬ ಈ ಪೆಟ್ಟಿಗೆ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಹೊರಗಿನಿಂದ ಬರುವ ಅಂತರ್ಜಾಲವನ್ನು ತಂತಿ ಅಥವಾ ಗಾಜಿನ ಎಳೆಯ ಕೇಬಲಿನ ಮೂಲಕ ಸ್ವೀಕರಿಸುವುದು ಮೊದಲನೆಯದು. ಅದನ್ನು ರೇಡಿಯೋ ಅಲೆಗಳ ಮೂಲಕ ಮನೆಯೊಳಗೆ ಹಂಚುವುದು ಎರಡನೆಯದು. ಈ ಹಂಚಿಕೆಗೇ ವೈ-ಫೈ ಎಂದು ಹೆಸರು. ಇದರ ತಾಂತ್ರಿಕ ಮಾನದಂಡ 1997ರಲ್ಲಿ ಸಿದ್ಧವಾಯಿತು. ವೈ-ಫೈ ಎಂಬ ಹೆಸರು ಬಂದದ್ದು 1999ರಲ್ಲಿ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಅಲೆಗಳನ್ನು ಮಿತಶಕ್ತಿಯ ಉಪಕರಣಗಳಲ್ಲಿ ಪರವಾನಗಿಯಿಲ್ಲದೆ ಬಳಸಲು 2005ರಲ್ಲಿ ಅನುಮತಿ ದೊರೆಯಿತು.

ಒಂದು ಕೆಲಸ ನಿಂತಾಗ ಇನ್ನೊಂದು ನಡೆಯುತ್ತಿರಬಹುದು. ಫೋನಿನಲ್ಲಿ ವೈ-ಫೈ ಹೆಸರು ಕಾಣುತ್ತಿದೆ, ಆದರೆ ಅಂತರ್ಜಾಲವಿಲ್ಲ ಎಂದಾದರೆ ದೋಷವು ಬಹುತೇಕ ಹೊರಗಿನ ಸಂಪರ್ಕದ್ದು. ಗಾಜಿನೆಳೆಯ ಸಂಪರ್ಕವಿರುವ ಮನೆಗಳಲ್ಲಿ ‘ಎಲ್.ಒ.ಎಸ್.’ ಎಂದು ಗುರುತಿಸಿದ ದೀಪ ಕೆಂಪಾಗಿ ಉರಿದರೆ ಕೇಬಲಿನ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲವೆಂದು ಅರ್ಥ. ಆಗ ಕಂಪನಿಗೆ ದೂರು ಕೊಡುವುದೇ ಸರಿಯಾದ ಮಾರ್ಗ. ವೈ-ಫೈ ಹೆಸರೇ ಕಾಣದಿದ್ದರೆ ದೋಷವು ಮನೆಯೊಳಗಿನ ಪೆಟ್ಟಿಗೆಯಲ್ಲಿದೆ ಅಥವಾ ನೋಡುತ್ತಿರುವ ಫೋನಿನಲ್ಲಿದೆ. ಮುಂದಿನ ವಿವರಣೆ ಈ ಎರಡನೆಯ ಬಗೆಯ ದೋಷವನ್ನು ಕುರಿತದ್ದು.

ಮೊದಲು ಪರೀಕ್ಷೆ

ಹೆಸರು ಒಂದೇ ಫೋನಿನಲ್ಲಿ ಕಾಣುತ್ತಿಲ್ಲವೋ ಎಲ್ಲ ಫೋನುಗಳಲ್ಲಿಯೋ ಎಂಬುದನ್ನು ಮೊದಲು ನೋಡಬೇಕು. ಒಂದರಲ್ಲಿ ಮಾತ್ರ ಕಾಣದಿದ್ದರೆ ರೂಟರನ್ನು ಮುಟ್ಟುವ ಅಗತ್ಯವಿಲ್ಲ. ಆ ಫೋನಿನ ವೈ-ಫೈ ಆರಿಸಿ ಮತ್ತೆ ಹಾಕಿದರೆ ಅಥವಾ ಫೋನನ್ನೇ ಒಮ್ಮೆ ಮುಚ್ಚಿ ತೆರೆದರೆ ಸಾಕಾಗಬಹುದು. ಇನ್ನೊಂದು ಕಾರಣವೂ ಉಂಟು. ಈಗಿನ ಬಹುತೇಕ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. ಮೊದಲನೆಯದು ದೂರಕ್ಕೆ ತಲುಪುತ್ತದೆ. ಎರಡನೆಯದು ವೇಗವುಳ್ಳದ್ದಾದರೂ ಗೋಡೆಗಳನ್ನು ದಾಟುವಾಗ ಬೇಗ ಕ್ಷೀಣಿಸುತ್ತದೆ. ಹಳೆಯ ಅಥವಾ ಅಗ್ಗದ ಕೆಲವು ಫೋನುಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಅದೇ ರೀತಿ 2.4 ಪಟ್ಟಿಯ 12 ಮತ್ತು 13ನೆಯ ಚಾನೆಲುಗಳು ನಮ್ಮಲ್ಲಿ ಬಳಕೆಯಲ್ಲಿದ್ದರೂ ಅಮೆರಿಕದಲ್ಲಿ ಕೊಂಡ ಕೆಲವು ಉಪಕರಣಗಳಿಗೆ ಗೋಚರಿಸುವುದಿಲ್ಲ. ರಜೆಗೆ ಬಂದ ಮಗನ ಲ್ಯಾಪ್‌ಟಾಪಿಗೆ ಕಾಣದ ವೈ-ಫೈ ತಾಯಿಯ ಫೋನಿಗೆ ಕಾಣುವುದು ಇಂಥ ಕಾರಣದಿಂದಲೂ ಇರಬಹುದು.

ಎಲ್ಲ ಫೋನುಗಳಲ್ಲಿಯೂ ಕಾಣದಿದ್ದರೆ ರೂಟರಿನ ದೀಪಗಳನ್ನು ಗಮನಿಸಬೇಕು. ‘ವೈ-ಫೈ’, ‘ಡಬ್ಲ್ಯು.ಎಲ್.ಎ.ಎನ್.’, ‘2.4’ ಅಥವಾ ‘5’ ಎಂದು ಬರೆದ ದೀಪ ಆರಿದ್ದು ಉಳಿದವು ಉರಿಯುತ್ತಿದ್ದರೆ ರೇಡಿಯೋ ಭಾಗ ಮಾತ್ರ ನಿಂತಿದೆಯೆಂದು ತಿಳಿಯಬೇಕು. ಲ್ಯಾನ್ ಕೇಬಲಿನಿಂದ ಕಂಪ್ಯೂಟರನ್ನು ನೇರವಾಗಿ ಜೋಡಿಸಿದಾಗ ಅಂತರ್ಜಾಲ ದೊರೆತರೆ ಈ ನಿರ್ಣಯ ದೃಢವಾಗುತ್ತದೆ.

ಪರಿಹಾರದ ಕ್ರಮ

ಸರಳವಾದುದನ್ನು ಮೊದಲು ಮಾಡಿ, ತೀವ್ರವಾದುದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

1. ಗುಂಡಿ: ಅನೇಕ ರೂಟರುಗಳ ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ ವೈ-ಫೈ ಆರಿಸುವ ಪ್ರತ್ಯೇಕ ಗುಂಡಿ ಇರುತ್ತದೆ. ಧೂಳು ಒರೆಸುವಾಗ ಅಥವಾ ಮಕ್ಕಳ ಕೈತಾಗಿ ಅದು ಒತ್ತಿಹೋಗುವುದುಂಟು. ಅದನ್ನು ಒಮ್ಮೆ ಒತ್ತಿ ಒಂದೆರಡು ನಿಮಿಷ ಕಾಯಬೇಕು. ಅಷ್ಟರಿಂದಲೇ ವೈ-ಫೈ ಮರಳಿದರೆ ಮುಂದಿನ ಯಾವ ಶ್ರಮವೂ ಬೇಡ.

2. ವಿಶ್ರಾಂತಿ: ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಪೂರ್ಣವಾಗಿ ಎಚ್ಚರಗೊಳ್ಳಲು ರೂಟರಿಗೆ ಕೆಲವು ನಿಮಿಷಗಳು ಬೇಕು. ಕೆಲವು ರೂಟರುಗಳು 5 ಗಿಗಾಹರ್ಟ್ಸಿನ ಕೆಲವು ಚಾನೆಲುಗಳಲ್ಲಿ ಪ್ರಸಾರ ಆರಂಭಿಸುವ ಮುನ್ನ ಸಮೀಪದಲ್ಲಿ ರೇಡಾರ್ ಇದೆಯೇ ಎಂದು ಕನಿಷ್ಠ ಒಂದು ನಿಮಿಷ ಆಲಿಸುತ್ತವೆ. ಆ ಮೌನವನ್ನು ದೋಷವೆಂದು ಭಾವಿಸಿ ಮತ್ತೆ ಮತ್ತೆ ಸ್ವಿಚ್ ಆರಿಸಬಾರದು.

3. ಶಾಖ: ಟಿ.ವಿ. ಕಪಾಟಿನೊಳಗೆ ಬಚ್ಚಿಟ್ಟ, ಮೇಲೆ ಕಸೂತಿ ಬಟ್ಟೆ ಹೊದಿಸಿದ ರೂಟರ್ ಬೇಗ ಬಿಸಿಯಾಗುತ್ತದೆ. ಮುಟ್ಟಿದಾಗ ಕೈಗೆ ಬಹಳ ಬಿಸಿ ತಗಲಿದರೆ ಅರ್ಧ ಗಂಟೆ ಆರಿಸಿಟ್ಟು, ಗಾಳಿಯಾಡುವ ಸ್ಥಳದಲ್ಲಿ ಇರಿಸಬೇಕು.

4. ಅಡಾಪ್ಟರ್: ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರ್ ಹಳೆಯದಾದಂತೆ ದುರ್ಬಲವಾಗುತ್ತದೆ. ದೀಪಗಳು ಉರಿಯಲು ಸಾಕಾಗುವ ವಿದ್ಯುತ್ತು ರೇಡಿಯೋಗೆ ಸಾಲದೆ ಹೋಗಬಹುದು. ರೂಟರ್ ತಾನಾಗಿಯೇ ಆರಿ ಹತ್ತುತ್ತಿದ್ದರೆ ಈ ಸಂಶಯ ಬಲವಾಗುತ್ತದೆ. ಬದಲಿ ಅಡಾಪ್ಟರಿನ ವೋಲ್ಟೇಜು ಮೊದಲಿನಷ್ಟೇ ಇರಬೇಕು. ಆಂಪಿಯರ್ ಮೊದಲಿನಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಪಿನ್ನಿನ ಧನ-ಋಣ ಗುರುತೂ ಹೊಂದಬೇಕು. 9 ವೋಲ್ಟಿನ ರೂಟರಿಗೆ 12 ವೋಲ್ಟಿನದನ್ನು ಸಿಕ್ಕಿಸಿದರೆ ಪೆಟ್ಟಿಗೆಯೇ ಸುಟ್ಟುಹೋಗಬಹುದು.

5. ಒಳಗಿನ ವ್ಯವಸ್ಥೆ: ಲ್ಯಾನ್ ಕೇಬಲಿನಿಂದ ಕಂಪ್ಯೂಟರ್ ಜೋಡಿಸಿ, ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು (ಹಲವು ಕಡೆ ಇದು 192.168.1.1) ಬ್ರೌಸರಿನಲ್ಲಿ ತೆರೆಯಬೇಕು. ವೈ-ಫೈ ಪುಟದಲ್ಲಿ ರೇಡಿಯೋ ಚಾಲೂ ಇದೆಯೇ, ಹೆಸರನ್ನು ಮರೆಮಾಡಲಾಗಿದೆಯೇ, ನಿಗದಿತ ವೇಳೆಗೆ ತಾನೇ ಆರುವ ವೇಳಾಪಟ್ಟಿ ಹಾಕಲಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. 2.4 ಪಟ್ಟಿಗೆ 1, 6 ಅಥವಾ 11ನೆಯ ಚಾನೆಲನ್ನು ಆರಿಸಿದರೆ ಎಲ್ಲ ಉಪಕರಣಗಳಿಗೂ ಅನುಕೂಲ.

ಈ ಐದನ್ನೂ ಮಾಡಿದ ಮೇಲೂ ಕೇಬಲಿನಲ್ಲಿ ಮಾತ್ರ ಅಂತರ್ಜಾಲ ಬರುತ್ತಿದ್ದರೆ ರೇಡಿಯೋ ಭಾಗ ಕೆಟ್ಟಿರುವ ಸಂಭವ ಹೆಚ್ಚು. ಪೆಟ್ಟಿಗೆ ಕಂಪನಿಯದಾಗಿದ್ದರೆ ಬದಲಿಸಿಕೊಡುವಂತೆ ಕೇಳಬೇಕು. ಸ್ವಂತದ್ದಾಗಿದ್ದರೆ, ಹಳೆಯದಕ್ಕೆ ಲ್ಯಾನ್ ಕೇಬಲಿನಿಂದ ಬೇರೊಂದು ಸಾಧಾರಣ ವೈ-ಫೈ ರೂಟರನ್ನು ಜೋಡಿಸಿಕೊಂಡೂ ಕೆಲಸ ನಡೆಸಬಹುದು.

ರೀಸೆಟ್ ಎಂಬ ಕೊನೆಯ ಅಸ್ತ್ರ

ರೂಟರಿನ ಹಿಂಬದಿಯ ಸಣ್ಣ ರಂಧ್ರದೊಳಗೆ ರೀಸೆಟ್ ಗುಂಡಿ ಅಡಗಿರುತ್ತದೆ. ಸೂಜಿಯಿಂದ ಸುಮಾರು ಹತ್ತು ಸೆಕೆಂಡು ಒತ್ತಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ವೈ-ಫೈ ಹೆಸರು ಮತ್ತು ಗುಪ್ತಪದ ಮಾತ್ರವಲ್ಲ, ಸಂಪರ್ಕಕ್ಕಾಗಿ ಕಂಪನಿಯವರು ತುಂಬಿದ್ದ ವಿವರಗಳೂ ಅಳಿಸಿಹೋಗಬಹುದು. ಗುಂಡಿಯೊಂದನ್ನು ಒತ್ತಿದ್ದರೆ ಸರಿಹೋಗುತ್ತಿದ್ದ ದೋಷಕ್ಕಾಗಿ, ತಂತ್ರಜ್ಞರು ಬರುವವರೆಗೆ ಎರಡು ಮೂರು ದಿನ ಕಾಯುವ ಸ್ಥಿತಿ ಒದಗುತ್ತದೆ. ಆದುದರಿಂದ ಬಳಕೆದಾರನ ಹೆಸರು ಮತ್ತು ಗುಪ್ತಪದಗಳು ಕೈಯಲ್ಲಿಲ್ಲದೆ, ಕಂಪನಿಯವರನ್ನು ಕೇಳದೆ, ಈ ಅಸ್ತ್ರವನ್ನು ಪ್ರಯೋಗಿಸಬಾರದು.

ಸಹಾಯದ ಸೋಗಿನ ಮೋಸ

ಕಂಪನಿಯ ಸಹಾಯವಾಣಿಯನ್ನು ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆ ಮಾಡುವುದು ಅಪಾಯಕರ. ವಂಚಕರು ಇಂಥ ನಕಲಿ ಸಂಖ್ಯೆಗಳನ್ನು ಹರಡಿರುತ್ತಾರೆ. ಸೌಜನ್ಯದಿಂದ ಮಾತನಾಡಿ, ದೂರು ದಾಖಲಿಸಲು ಹತ್ತು ರೂಪಾಯಿ ಪಾವತಿ ಮಾಡುವಂತೆ, ಇಲ್ಲವೆ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಒಂದು ಆ್ಯಪ್ ಹಾಕಿಕೊಳ್ಳುವಂತೆ ಹೇಳುತ್ತಾರೆ. ಅಲ್ಲಿಂದ ಮುಂದೆ ಉಳಿತಾಯ ಖಾತೆ ಬರಿದಾಗಲು ಹೆಚ್ಚು ಹೊತ್ತು ಬೇಕಿಲ್ಲ. ವೈ-ಫೈ ದುರಸ್ತಿಗೆ ಒ.ಟಿ.ಪಿ., ಯು.ಪಿ.ಐ. ಪಿನ್ ಅಥವಾ ಕಾರ್ಡಿನ ಸಂಖ್ಯೆ ಎಂದಿಗೂ ಬೇಕಾಗುವುದಿಲ್ಲ. ಸಂಖ್ಯೆಯನ್ನು ಬಿಲ್ಲಿನಿಂದ ಅಥವಾ ಕಂಪನಿಯ ಅಧಿಕೃತ ಆ್ಯಪಿನಿಂದಲೇ ತೆಗೆದುಕೊಳ್ಳಬೇಕು. ಹಣ ಹೋದುದು ತಿಳಿದ ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ವಿಳಂಬವಾದಷ್ಟೂ ಹಣ ಮರಳುವ ಆಸೆ ಕುಂದುತ್ತದೆ.

ವೃದ್ಧರಿರುವ ಮನೆಗಳಿಗೆ

ಮಕ್ಕಳು ಕಚೇರಿಗೆ ಹೋಗಿದ್ದಾರೆ, ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದಾರೆ, ಹನ್ನೊಂದು ಗಂಟೆಗೆ ಹುಬ್ಬಳ್ಳಿಯ ವೈದ್ಯರೊಡನೆ ಸಮಾಲೋಚನೆ ಗೊತ್ತಾಗಿದೆ ಎಂದುಕೊಳ್ಳೋಣ. ಆ ಹೊತ್ತಿನಲ್ಲಿ ರೂಟರ್ ದುರಸ್ತಿಗೆ ಕೈಹಾಕುವುದು ಬೇಡ. ಫೋನಿನ ಮೊಬೈಲ್ ಡೇಟಾ ಚಾಲೂ ಮಾಡಿಕೊಂಡರೆ ವೀಡಿಯೋ ನಡೆಯುತ್ತದೆ. ಅದೂ ಇಲ್ಲದಿದ್ದರೆ ಸಾಮಾನ್ಯ ಕರೆ ಮಾಡಿ ಮಾತನಾಡಬಹುದು. 2020ರ ಮಾರ್ಗಸೂಚಿಗಳು ಧ್ವನಿ ಕರೆಯ ಸಮಾಲೋಚನೆಗೂ ಅವಕಾಶ ಕೊಟ್ಟಿವೆ. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವಿಕೆ ಮುಂತಾದ ಲಕ್ಷಣಗಳಿದ್ದಲ್ಲಿ ಯಾವ ವೀಡಿಯೋಗೂ ಕಾಯದೆ 112ಕ್ಕೆ ಕರೆ ಮಾಡಬೇಕು ಅಥವಾ ನೆರೆಯವರ ನೆರವಿನಿಂದ ಆಸ್ಪತ್ರೆಗೆ ಧಾವಿಸಬೇಕು.

ಇದಕ್ಕೆಲ್ಲ ಪೂರ್ವಸಿದ್ಧತೆಯಾಗಿ ಒಂದು ರಟ್ಟಿನ ಮೇಲೆ ಗ್ರಾಹಕ ಸಂಖ್ಯೆ, ಬಿಲ್ಲಿನಲ್ಲಿರುವ ಸಹಾಯವಾಣಿ, ವೈ-ಫೈ ಗುಂಡಿ ಇರುವ ಸ್ಥಳ, ಮೊಬೈಲ್ ಡೇಟಾ ಹಾಕುವ ವಿಧಾನ ಇವನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಬರೆದು ರೂಟರಿನ ಪಕ್ಕದಲ್ಲಿ ತೂಗುಹಾಕಬೇಕು. ರೀಸೆಟ್ ರಂಧ್ರದ ಮೇಲೆ ಒಂದು ತುಂಡು ಟೇಪು ಅಂಟಿಸಬೇಕು. ಒಂದು ಭಾನುವಾರದ ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟು, ಹಿರಿಯರ ಕೈಯಿಂದಲೇ ಒಮ್ಮೆ ಎಲ್ಲವನ್ನೂ ಮಾಡಿಸಿ ನೋಡಿದರೆ ಮನೆಯವರೆಲ್ಲರೂ ನಿಶ್ಚಿಂತೆಯಿಂದ ಇರಬಹುದು.