ವಿಮಾನದಳದ ಹಗಲಿರುಳು

ಆಕಾಶವನ್ನು ಸೀಳಿಕೊಂಡು ಸಾಗುವ ಯುದ್ಧವಿಮಾನವನ್ನು ಕಂಡಾಗ ನಮ್ಮ ಮನಸ್ಸು ಅದರ ವೈಮಾನಿಕನ ಕಡೆಗೆ ಮಾತ್ರ ಹರಿಯುತ್ತದೆ. ಆದರೆ ಅವನೊಬ್ಬನನ್ನು ಮೇಲಕ್ಕೆ ಕಳುಹಿಸಲು ನೆಲದ ಮೇಲೆ ಅನೇಕರು ದುಡಿದಿರುತ್ತಾರೆ. ಇವರೆಲ್ಲರೂ ಕೂಡಿದ ಕುಟುಂಬವೇ ಸ್ಕ್ವಾಡ್ರನ್, ಅಂದರೆ ವಿಮಾನದಳ. ಭಾರತೀಯ ವಾಯುಪಡೆಯ ಮೊದಲನೆಯ ದಳವು 1933ರ ಏಪ್ರಿಲ್ 1ರಂದು ಸ್ಥಾಪನೆಯಾಯಿತು.

1965ರ ಯುದ್ಧಕಾಲದಲ್ಲಿ ಈ ದಳವು ಪಂಜಾಬಿನ ಆದಂಪುರದಲ್ಲಿ ನೆಲೆಸಿತ್ತು. ಅದರ ಬಳಿ ಇದ್ದುವು ಫ್ರಾನ್ಸ್ ದೇಶದ ‘ಮಿಸ್ಟೇರ್’ ವಿಮಾನಗಳು. ಶತ್ರುವಿಮಾನದೊಡನೆ ಕಾದಾಡಲೂ ನೆಲದ ಗುರಿಗಳ ಮೇಲೆ ಬಾಂಬು, ರಾಕೆಟ್ಟುಗಳನ್ನು ಎಸೆಯಲೂ ಶಕ್ತವಾದ ಇಂಥ ವಿಮಾನಗಳಿಗೆ ಫೈಟರ್ ಬಾಂಬರ್ ಎಂದು ಹೆಸರು.

ಯುದ್ಧಕಾಲದಲ್ಲಿ ದಳದ ದಿನವು ಸೂರ್ಯೋದಯಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತದೆ. ಶತ್ರುವಿಗೆ ನೆಲೆಯ ಸುಳಿವು ಸಿಗಬಾರದೆಂದು ರಾತ್ರಿ ದೀಪಗಳನ್ನು ಆರಿಸಿರುತ್ತಾರೆ. ಮಬ್ಬುಬೆಳಕಿನ ಕೈದೀಪಗಳಲ್ಲಿಯೇ ತಂತ್ರಜ್ಞರು ಎಂಜಿನ್ನನ್ನು ಪರೀಕ್ಷಿಸುತ್ತಾರೆ. ಒಬ್ಬರು ಇಂಧನ ತುಂಬಿದರೆ ಇನ್ನೊಬ್ಬರು ಚಕ್ರಗಳ ಗಾಳಿಯನ್ನು ನೋಡುತ್ತಾರೆ. ಆಯುಧ ವಿಭಾಗದವರು ಫಿರಂಗಿಗಳಿಗೆ ಗುಂಡಿನ ಸರಗಳನ್ನು ಜೋಡಿಸುತ್ತಾರೆ. ಒಂದು ತಿರುಪು ಸಡಿಲವಾದರೂ ಒಂದು ಜೀವಕ್ಕೆ ಅಪಾಯವೆಂಬುದನ್ನು ಅವರು ಮರೆಯುವಂತಿಲ್ಲ. ಅತ್ತ ವೈಮಾನಿಕರು ನಕ್ಷೆಯ ಮುಂದೆ ಕುಳಿತು ದಾರಿ, ಹವಾಮಾನ, ಗುರಿ, ಹಿಂದಿರುಗುವ ಸಮಯ ಇವುಗಳನ್ನು ಮನದಟ್ಟು ಮಾಡಿಕೊಳ್ಳುತ್ತಾರೆ.

ದಾಳಿಗೆ ಹೊರಟ ವಿಮಾನಗಳು ನೆಲಕ್ಕೆ ಸಮೀಪವಾಗಿ ಹಾರುತ್ತವೆ. ರೇಡಾರಿನ ಅಲೆಗಳು ನೇರವಾಗಿ ಸಾಗುವುದರಿಂದ ಭೂಮಿಯ ದುಂಡುತನವೂ ಗಿಡಮರಗಳೂ ಅವುಗಳಿಗೆ ಮರೆಯಾಗುತ್ತವೆ. ಮಾತು ಶತ್ರುವಿನ ಕಿವಿಗೆ ಬೀಳದಿರಲೆಂದು ರೇಡಿಯೋ ಮೌನವಾಗಿರುತ್ತದೆ. ಆದರೆ ಕೆಳಮಟ್ಟದ ದಟ್ಟವಾದ ಗಾಳಿಯಲ್ಲಿ ಜೆಟ್ ಎಂಜಿನ್ನು ಹೆಚ್ಚು ಇಂಧನವನ್ನು ನುಂಗುತ್ತದೆ. ದೂರದ ಗುರಿಯಾದರೆ ಅಲ್ಲಿ ನಿಲ್ಲಲು ಕೆಲವೇ ನಿಮಿಷಗಳ ಅವಕಾಶ. ಅಲ್ಲಿಯೇ ಕಾದಾಡುತ್ತ ನಿಂತವನಿಗೆ ಮನೆ ಮುಟ್ಟುವ ಭರವಸೆ ಇಲ್ಲ.

1965ರ ಸೆಪ್ಟೆಂಬರ್ 7ರ ಮುಂಜಾವಿನಲ್ಲಿ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಈ ದಳವು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹೊರಟಿತು. ಆ ನೆಲೆಯು ಮಿಸ್ಟೇರ್ ವಿಮಾನಗಳ ವ್ಯಾಪ್ತಿಯ ಅಂಚಿನಲ್ಲಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಅಂದು ಬದಲಿ ವೈಮಾನಿಕರು. ಯಾವುದಾದರೂ ವಿಮಾನ ಹಿಂದುಳಿದರೆ ಆ ಸ್ಥಾನವನ್ನು ತುಂಬಬೇಕಾದವರು. ಅವರೂ ದಾಳಿಯನ್ನು ಕೂಡಿಕೊಂಡರು.

ಹಿಂದಿರುಗುವಾಗ ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲ ‘ಸ್ಟಾರ್‌ಫೈಟರ್’ ವಿಮಾನವೊಂದು ಅವರ ಮೇಲೆ ಎರಗಿತು. ದೇವಯ್ಯನವರ ವಿಮಾನಕ್ಕೆ ಪೆಟ್ಟುಬಿತ್ತು. ಅದು ಮುಗಿಯಿತೆಂದು ಭಾವಿಸಿ ಎದುರಾಳಿ ಮುಂದಿನವರತ್ತ ತಿರುಗಿದನು. ಆದರೆ ದೇವಯ್ಯನವರು ಗಾಯಗೊಂಡ ವಿಮಾನದಲ್ಲಿಯೇ ಅವನ ಮೇಲೆ ತಿರುಗಿಬಿದ್ದರು. ಸ್ಟಾರ್‌ಫೈಟರ್ ಉರುಳಿತು, ಅದರ ವೈಮಾನಿಕ ಛತ್ರಿಯ ನೆರವಿನಿಂದ ಪಾರಾದನು. ದೇವಯ್ಯನವರು ಮರಳಲಿಲ್ಲ.

ವಿಮಾನಗಳು ಇಳಿಯುವಾಗ ನೆಲದವರು ಅವುಗಳನ್ನು ಒಂದೊಂದಾಗಿ ಎಣಿಸುವುದು ದಳಗಳ ರೂಢಿ. ಎಣಿಕೆ ಪೂರ್ತಿಯಾಗದಿದ್ದರೆ ಅವರ ಮೌನವೇ ಮಾತಾಗುತ್ತದೆ. ದೇವಯ್ಯನವರಿಗೆ ಏನಾಯಿತೆಂಬುದು ಅಂದು ಸಂಗಡಿಗರಿಗೆ ತಿಳಿಯಲಿಲ್ಲ. ಈ ಹೋರಾಟದ ವೃತ್ತಾಂತವು 1979ರಲ್ಲಿ ಪ್ರಕಟವಾದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಗ್ರಂಥದ ಮೂಲಕ ಬೆಳಕಿಗೆ ಬಂದಿತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಸಾಹಸ ನಡೆದು 23 ವರ್ಷಗಳ ನಂತರ ಆ ಗೌರವ ಬಂದಿತು.

ಕೊಗನೊಳ್ಳಿ, ನಿಪ್ಪಾಣಿಗಳ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಬೆಳಗಾವಿ ಸಿಗುತ್ತದೆ. ಅದರ ಸಮೀಪದ ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಶಾಲೆಯಿದೆ. ವಾಯುಪಡೆಗೆ ಹೊಸದಾಗಿ ಸೇರಿದ ತರುಣರು ಅಲ್ಲಿ ಶಿಸ್ತಿನ ಮೊದಲ ಪಾಠವನ್ನು ಕಲಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಎಂದೂ ಯುದ್ಧವಿಮಾನ ನಡೆಸುವವರಲ್ಲ. ತಿರುಪು ಬಿಗಿಯುವವರು, ಇಂಧನ ತುಂಬುವವರು. ಅವರ ಹೆಸರು ಇತಿಹಾಸದಲ್ಲಿ ಬರುವುದು ವಿರಳ. ಆದರೂ ಅವರ ಕೈ ತಪ್ಪದೆ ದುಡಿದಾಗಲೇ ಒಬ್ಬ ದೇವಯ್ಯ ಆಕಾಶಕ್ಕೇರಲು ಸಾಧ್ಯ. ಕಾಣುವ ಶೌರ್ಯವು ಕಾಣದ ಶ್ರದ್ಧೆಯ ಮೇಲೆ ನಿಂತಿರುತ್ತದೆ.