ಮೊದಲು ಗಿರಾಕಿ, ಆಮೇಲೆ ಯಂತ್ರ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಮೈಸೂರಿನ ಅರಮನೆಗೂ ಅಲ್ಲ, ಬೆಂಗಳೂರಿನ ಬೀದಿಗೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಆ ಕಣಿವೆಯಿಂದ ಹೊರಟ ತಂತಿ 92 ಮೈಲಿ ದಾಟಿ, 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಮುಟ್ಟಿಸಿತು. ಬೆಂಗಳೂರಿನಲ್ಲಿ ದೀಪ ಹತ್ತಲು 1905ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಮೈಸೂರು ನಗರದ ಸರದಿ ಬಂದದ್ದು 1908ರಲ್ಲಿ. ಜಲಪಾತದ ಸದ್ದು ಕೇಳುವಷ್ಟು ಹತ್ತಿರದ ಹಳ್ಳಿಗಳು ತಲೆಯ ಮೇಲೆ ತಂತಿ ಹಾದುಹೋಗುವುದನ್ನು ನೋಡುತ್ತ ಬುಡ್ಡಿದೀಪದಲ್ಲೇ ಉಳಿದವು.

ಇದು ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ. ಆದರೆ ಸೋಮನಹಳ್ಳಿಯಲ್ಲೋ ತೂಬಿನಕೆರೆಯಲ್ಲೋ ಶೆಡ್ಡು ಹಾಕಿ ಕೂತಿರುವ, ಅಕ್ಕಿ ಗಿರಣಿಯನ್ನೋ ಆಲೆಮನೆಯನ್ನೋ ನಡೆಸುವ ಯಜಮಾನರು ಯೋಚಿಸಬೇಕಾದ ಸಂಗತಿಯೊಂದು ಇದರಲ್ಲಿದೆ. ಗುರಿ ಇಟ್ಟುಕೊಳ್ಳುವುದು ಹೇಗೆಂದು ಕಲಿಸಲು ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಶಿಬಿರಗಳು ನಡೆಯುತ್ತವೆ. ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ಪಾಠದ ಬಹುಪಾಲು ನಮ್ಮ ಮಂಡ್ಯ ಜಿಲ್ಲೆಯಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಮುಗಿದಿದೆ. ಕಲಿತದ್ದೂ ಇಲ್ಲೇ, ಮರೆತದ್ದೂ ಇಲ್ಲೇ.

ಹತ್ತೊಂಬತ್ತನೇ ಶತಮಾನದ ಕೊನೆಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮುಂದಿದ್ದ ಪ್ರಶ್ನೆ ಸರಳವಾದದ್ದು. ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಕಾವೇರಿ ಧುಮುಕುತ್ತಿದ್ದಾಳೆ, ಅದರಿಂದ ವಿದ್ಯುತ್ತು ತೆಗೆಯಬಹುದು. ಆದರೆ ಕೊಳ್ಳುವವರು ಯಾರು? ಸಂಸ್ಥಾನದಲ್ಲಿ ಅಷ್ಟು ಶಕ್ತಿಯನ್ನು ಹಗಲು ರಾತ್ರಿ ಎಳೆದುಕೊಂಡು, ತಿಂಗಳಿಗೆ ಸರಿಯಾಗಿ ಹಣ ಕಟ್ಟಬಲ್ಲ ಗಿರಾಕಿ ಒಂದೇ ಕಡೆ ಇತ್ತು. ಕೋಲಾರದಲ್ಲಿ ನೆಲದಾಳದ ಅದಿರನ್ನು ಮೇಲೆತ್ತಲು, ಪುಡಿಮಾಡಲು ಉಗಿಯಂತ್ರಗಳಿದ್ದವು. ಅವುಗಳ ಒಲೆಗೆ ಉರುವಲು ಒದಗಿಸುವುದೇ ದೊಡ್ಡ ಖರ್ಚು. ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ಮಾತುಕತೆಯಾಗಿ ಕರಾರಿಗೆ ಬಂದರು. ಸಂಸ್ಥಾನದ ಎಂಜಿನಿಯರ್, ಕೆನಡಾ ಮೂಲದ ಜೋಲಿ ದ ಲೊಟ್ಬಿನಿಯೇರ್ ಅಮೆರಿಕ, ಯುರೋಪು ಸುತ್ತಿ ಬಂದರು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ನೀರಿನ ಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಎಂದು ತೀರ್ಮಾನವಾಯಿತು. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಮುಂದಿನ ಕಾಡುದಾರಿಗೆ ಆನೆ, ಕುದುರೆಗಳೇ ಗತಿ.

ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಜಗತ್ತಿನಲ್ಲೇ ಅಪರೂಪದ ಸಾಹಸ. ಸಾಹಸದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಹಿಂದಿದ್ದ ಜಿಪುಣ ಲೆಕ್ಕಾಚಾರವನ್ನು ಹೇಳುವುದು ಕಡಿಮೆ. ಯಾರಿಗೆ, ಎಷ್ಟು, ಯಾವತ್ತಿನಿಂದ ಎಂಬ ಮೂರೂ ಮೊದಲೇ ಕಾಗದದ ಮೇಲಿದ್ದವು. ಗುರಿ ಎಂದರೆ ಇಷ್ಟೇ. ಪೀಟರ್ ಡ್ರಕರ್ ಉದ್ದೇಶಗಳ ಮೂಲಕ ಆಡಳಿತ ನಡೆಸುವ ಬಗ್ಗೆ ಪುಸ್ತಕ ಬರೆದದ್ದು 1954ರಲ್ಲಿ. ಗುರಿ ನಿರ್ದಿಷ್ಟವಾಗಿರಲಿ, ಅಳೆಯುವಂತಿರಲಿ, ಗಡುವಿರಲಿ ಎನ್ನುವ ‘ಸ್ಮಾರ್ಟ್’ ಸೂತ್ರ ಬಂದದ್ದು 1981ರಲ್ಲಿ. ಎರಡನ್ನೂ ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಸ್ಮಾರ್ಟ್ ಸೂತ್ರದ ಐದು ಅಕ್ಷರಗಳಲ್ಲಿ ಗಿರಾಕಿಗೆ ಒಂದೂ ಸಿಕ್ಕಿಲ್ಲ ಎಂಬುದು ನನ್ನ ತಕರಾರು.

ಶೇಷಾದ್ರಿ ಅಯ್ಯರ್ ತಮ್ಮ ಯೋಜನೆ ಫಲಿಸಿದ್ದನ್ನು ನೋಡಲಿಲ್ಲ. 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ಏಕೆಂದರೆ ಅದು ಕರಾರಿನಲ್ಲಿತ್ತು. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು, ‘ನಾನಿದೀನಲ್ಲ ಬಿಡ್ರಿ’ ಎನ್ನುವ ಯಜಮಾನರು ಈ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಒಂದು ಮಾತು ಉಳಿಸಿಕೊಂಡರೆ ಅದು ಮುಂದಿನ ಮಾತಿಗೆ ಎಳೆಯುತ್ತದೆ. ಗಣಿಗಳು ಇನ್ನಷ್ಟು ವಿದ್ಯುತ್ ಕೇಳಿದವು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ಹಾಗಾಗಿ ಮೇಲೆಲ್ಲೋ ನೀರು ಹಿಡಿದಿಡಬೇಕಾಯಿತು. ಕೃಷ್ಣರಾಜಸಾಗರವನ್ನು ನಾವು ಗದ್ದೆಗಳ ಜೊತೆಗೇ ನೆನೆಯುತ್ತೇವೆ. 1911ರಲ್ಲಿ ಅದರ ಕೆಲಸ ಶುರುವಾದಾಗ ತುರ್ತು ಒತ್ತಾಯ ಬಂದದ್ದು ಗಣಿಗಳಿಗೆ ಕೊಟ್ಟ ಮಾತಿನಿಂದ. 1915ರ ಜುಲೈ ಹೊತ್ತಿಗೆ ಹೆಚ್ಚಿನ ವಿದ್ಯುತ್ ಕೊಡಬೇಕಿತ್ತು. ವಿಶ್ವೇಶ್ವರಯ್ಯನವರ ಮುಂದಿದ್ದ ಪೂರ್ತಿ ಗುರಿ ದೊಡ್ಡ ಅಣೆಕಟ್ಟೆ, ಆ ಹೊತ್ತಿನ ಗುರಿ ಮಾತ್ರ ಗಡುವಿನೊಳಗೆ ಕಟ್ಟೆಯನ್ನು ಬೇಕಾದಷ್ಟು ಎತ್ತರಕ್ಕೆ ಏರಿಸುವುದು. ಮಲೇರಿಯಾ ಕಾಡುತ್ತಿದ್ದ ಜಾಗದಲ್ಲಿ ಹತ್ತು ಸಾವಿರದಷ್ಟು ಕೂಲಿಕಾರರು, ರಾತ್ರಿ ದೀಪ ಹಚ್ಚಿ ಕೆಲಸ, ಸಿಮೆಂಟಿನ ಬದಲು ಸುರ್ಕಿ ಗಾರೆ. ಕೊಟ್ಟ ಗಡುವು ತಪ್ಪಲಿಲ್ಲ. ದೊಡ್ಡ ಗುರಿಯನ್ನು ಒಡೆದು, ಮೊದಲ ತುಂಡನ್ನು ಯಾರೋ ಒಬ್ಬರು ಕಾಯುತ್ತಿರುವ ದಿನಕ್ಕೆ ಕಟ್ಟುವುದು ಅವರ ಕ್ರಮ. ಆ ಗಡುವಿನ ಬೆಲೆಯನ್ನು ಜ್ವರದಲ್ಲಿ ತೆತ್ತವರು ಕೂಲಿಯವರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಗುರಿ ಮುಟ್ಟಿದ ಕಥೆಗಳಲ್ಲಿ ಆ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ಅಣೆಕಟ್ಟೆ ಮುಗಿಯುವ ಹೊತ್ತಿಗೆ 1930ರ ದಶಕ ಕಾಲಿಟ್ಟಿತ್ತು. ಹುಲಿಕೆರೆಯ ಸುರಂಗ ಹಾದು ಬಂದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯದ ಖುಷ್ಕಿ ನೆಲಕ್ಕೆ ನೀರು ತಂದಿತು. ಲಕ್ಷಕ್ಕೂ ಮೀರಿದ ಎಕರೆಗಳ ಲೆಕ್ಕ ಅದು. ನೀರು ಬಂತು ಸರಿ, ಬೆಳೆಯುವುದೇನು, ಬೆಳೆದದ್ದನ್ನು ಕೊಳ್ಳುವವರು ಯಾರು? ಶೇಷಾದ್ರಿ ಅಯ್ಯರ್ ಎದುರಿಸಿದ ಪ್ರಶ್ನೆಯೇ ಇನ್ನೊಂದು ರೂಪದಲ್ಲಿ ಎದ್ದು ನಿಂತಿತ್ತು. ಬರೀ ಭತ್ತದಿಂದ ನಾಲೆಯ ಖರ್ಚು ಹುಟ್ಟುವಂತಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಇನ್ನೊಬ್ಬ ಕೆನಡಾದವರು, ಲೆಸ್ಲಿ ಕೋಲ್ಮನ್. (ಮಂಡ್ಯದ ಹಣೆಬರಹದಲ್ಲಿ ಕೆನಡಾ ಯಾಕೆ ಇಷ್ಟು ಸಲ ಬರುತ್ತದೋ!) 1908ರಲ್ಲಿ ಬೆಳೆರೋಗ, ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದವರು. ಆಮೇಲೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕಬ್ಬಿನ ಹೊಸ ತಳಿಗಳ ಕೆಲಸ ಮಾಡಿಸಿದರು. ನಾಲೆಯ ಬಯಲಿನಲ್ಲಿ, ಇಂದು ನಾವು ವಿ.ಸಿ. ಫಾರಂ ಎನ್ನುವ ಜಾಗದಲ್ಲಿ, ಪ್ರಯೋಗದ ತಾಕುಗಳೆದ್ದವು. ಅದೇ ಹೊತ್ತಿಗೆ ಭಾರತ ಸರ್ಕಾರ ಜಾವಾದ ಸಕ್ಕರೆಗೆ ಸುಂಕ ಹೇರಿ 1932ರಲ್ಲಿ ದೇಶಿ ಕಾರ್ಖಾನೆಗಳಿಗೆ ರಕ್ಷಣೆಯ ಕಾಯ್ದೆ ತಂದಿತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ನಾಲ್ಕಾರು ವರ್ಷಗಳಲ್ಲಿ ನೂರನ್ನು ದಾಟಿದವು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ಹುಟ್ಟಿತು. ಸರ್ಕಾರದ ಪಾಲು ದೊಡ್ಡದು. ರೈತರೂ ಷೇರು ಕೊಂಡರು. ಕಾರ್ಖಾನೆ ಬಂದ ಮೇಲೆ ಊರು ಬೆಳೆಯಿತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ಕಾರ್ಖಾನೆಯನ್ನು ಸಕ್ಕರೆ ಮಾಡುವ ಜಾಗ ಎಂದಷ್ಟೇ ನೋಡಿದರೆ ಅದರ ವ್ಯವಹಾರ ಅರ್ಥವಾಗುವುದಿಲ್ಲ. ಮಂಡ್ಯದ ರೈತನಿಗೆ ಅದು ಗಿರಾಕಿ. ಇಂಥ ಹಂಗಾಮಿಗೆ ಇಷ್ಟು ಟನ್ ಕೊಳ್ಳುತ್ತೇನೆ ಎಂದು ಮೊದಲೇ ಒಪ್ಪಿಗೆ ಬರೆದುಕೊಡುವ ಗಿರಾಕಿ. ಆ ಒಪ್ಪಿಗೆಯನ್ನು ನಂಬಿ ರೈತ ವರ್ಷವಿಡೀ ನೀರು, ಗೊಬ್ಬರ, ಸಾಲ ಸುರಿಯುತ್ತಾನೆ. ಮೊದಲು ಗಿರಾಕಿ, ಆಮೇಲೆ ಬಿತ್ತನೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕಡಿದ ಕಬ್ಬು ಕಾಯುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಕಳೆಯುವಷ್ಟರಲ್ಲಿ ತೂಕ ಇಳಿಯುತ್ತದೆ, ಅದರೊಳಗಿನ ಸಕ್ಕರೆ ಒಡೆಯತೊಡಗುತ್ತದೆ. ಕಡಿಯದೆ ಬಿಟ್ಟರೂ ಕಷ್ಟ. ಹದ ಮೀರಿದರೆ ಸೂಲಂಗಿ ಬಂದು ಬೆಂಡಾಗುತ್ತದೆ. ಅಂದರೆ ದಿನಕ್ಕೆ ಇಷ್ಟು ಸಾವಿರ ಟನ್ ನುರಿಸುತ್ತೇವೆ ಎಂಬ ಫಲಕದ ಅಂಕಿಯಿಂದ ಯಾರಿಗೂ ಪ್ರಯೋಜನವಿಲ್ಲ. ಇಂಥ ಊರಿನ ಇಂಥ ಸರ್ವೆ ನಂಬರಿನ ಕಬ್ಬು ಯಾವ ವಾರ ಕಡಿಯಬೇಕು, ಕೂಲಿಯ ತಂಡ ಯಾವತ್ತು ಬರುತ್ತದೆ, ಲಾರಿ ಯಾರ್ಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ನಿಜವಾದ ಗುರಿ. ಕಾರ್ಖಾನೆಯ ಆಡಳಿತ ನಡೆಯುವುದು ಬಾಯ್ಲರ್ ಮನೆಯಲ್ಲಿ ಅಲ್ಲ, ಫೀಲ್ಡ್‌ಮನ್‌ಗಳ ಪುಸ್ತಕದಲ್ಲಿ. ‘ಕಟಿಂಗ್ ಆರ್ಡರ್ ಯಾವಾಗ ಕೊಡ್ತೀರಾ ಸಾ?’ ಎಂಬ ಪ್ರಶ್ನೆಗೆ ತಾರೀಕು ಹೇಳಬಲ್ಲ ಕಂಪನಿ ಆರೋಗ್ಯವಾಗಿದೆ ಎಂದು ತಿಳಿಯಬೇಕು. ‘ನೋಡೋಣ, ಮುಂದಿನ ವಾರ ಬನ್ನಿ’ ಎನ್ನುವ ಕಂಪನಿಯ ಲೆಕ್ಕಪತ್ರ ಎಷ್ಟೇ ಚೆನ್ನಾಗಿರಲಿ, ಅದು ಆಗಲೇ ಕುಸಿಯತೊಡಗಿದೆ.

ಮೈಷುಗರ್ ಕುಸಿದದ್ದು ಹೀಗೇ ಎಂದು ನಾನು ನಂಬುತ್ತೇನೆ. ಯಂತ್ರಗಳ ಸಾಮರ್ಥ್ಯ ದಿನಕ್ಕೆ 5,000 ಟನ್ನಿಗೆ ಏರಿತು. ಸುತ್ತಮುತ್ತ ಬೇರೆ ಕಾರ್ಖಾನೆಗಳು ಬಂದವು, ಮದ್ದೂರು ತಾಲ್ಲೂಕಿನಲ್ಲೇ ಕೆ.ಎಂ. ದೊಡ್ಡಿಯಲ್ಲಿ ಒಂದು, ಕೊಪ್ಪದಲ್ಲಿ ಇನ್ನೊಂದು. ಆಲೆಮನೆಗಳಂತೂ ಎಂದೂ ಇದ್ದೇ ಇದ್ದವು. ರೈತನಿಗೆ ಆಯ್ಕೆಗಳು ಹುಟ್ಟಿದಾಗ ಹಳೆಯ ಗಿರಾಕಿ ಇನ್ನಷ್ಟು ಚುರುಕಾಗಬೇಕಿತ್ತು. ಆದದ್ದು ಉಲ್ಟಾ. ನಷ್ಟ, ನಷ್ಟ ತುಂಬಲು ಸರ್ಕಾರದ ಹಣ, ಆ ಹಣದಿಂದ ಯಂತ್ರದ ರಿಪೇರಿ, ರಿಪೇರಿಯಾದ ಯಂತ್ರಕ್ಕೆ ಕಬ್ಬಿನ ಕೊರತೆ. ಒಂದು ಹಂಗಾಮು ಗಾಣ ನಿಂತರೆ ಮುಂದಿನ ವರ್ಷದ ಒಪ್ಪಿಗೆ ಬೇರೆ ಕಾರ್ಖಾನೆಗೆ ಹೋಗಿರುತ್ತದೆ. ಕೊಳ್ಳುವವನ ಮೇಲಿನ ನಂಬಿಕೆ ಹೋದಮೇಲೆ ಹೊಸ ಯಂತ್ರ ತಂದರೇನು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಕೆಲವು ಹಂಗಾಮು ಕಾರ್ಖಾನೆ ಪೂರ್ತಿ ನಿಂತೇಹೋಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಪಾಲಾಯಿತು. ಮೈಷುಗರ್‌ಗೂ ಅದೇ ದಾರಿ ಎಂಬ ಮಾತು ಬಂದಾಗ ಮಂಡ್ಯದ ರೈತ ಸಂಘಟನೆಗಳು ಬೀದಿಗಿಳಿದವು. ಸರ್ಕಾರವೇ ನಡೆಸಲಿ ಎಂಬ ಹಟ ಗೆದ್ದು, 2022ರಲ್ಲಿ ಗಾಣ ಮತ್ತೆ ತಿರುಗಿತು.

ಇಷ್ಟು ದೊಡ್ಡ ಕಥೆಗಳ ನಡುವೆ ಮದ್ದೂರಿನ ಪ್ಲಾಟ್‌ಫಾರ್ಮಿನ ಸಣ್ಣ ವ್ಯಾಪಾರವನ್ನು ಮರೆಯಬಾರದು. ಕುಂದಾಪುರ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ಮದ್ದೂರು ವಡೆಯನ್ನು ಮೊದಲು ಮಾಡಿದರು ಎಂಬುದು ಊರಲ್ಲಿ ಹೇಳುತ್ತ ಬಂದಿರುವ ಕಥೆ. ಪಕೋಡ ಕರಿಯುವಷ್ಟು ಸಮಯವಿರಲಿಲ್ಲ, ರೈಲು ಬಂದೇಬಿಟ್ಟಿತು, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು. ಕಥೆಯ ವಿವರ ಹೇಗೇ ಇರಲಿ, ವಡೆಯನ್ನು ನೋಡಿದರೆ ಸಾಕು. ತೆಳ್ಳಗಿದೆ, ಬೇಗ ಬೇಯುತ್ತದೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಸೇರಿದ್ದರಿಂದ ಆರಿದರೂ ಕೆಡದು, ಪೊಟ್ಟಣ ಕಟ್ಟಿದರೆ ಮೈಸೂರಿನ ಮನೆಯವರೆಗೂ ಹೋಗುತ್ತದೆ. ರೈಲು ನಿಲ್ಲುವ ಒಂದೆರಡು ನಿಮಿಷಕ್ಕೆ ತಕ್ಕಂತೆ ರೂಪುಗೊಂಡ ತಿಂಡಿ ಅದು. ಆಮೇಲೆ ರಸ್ತೆಯ ಕಾಲ ಬಂತು, ವಡೆ ಹೆದ್ದಾರಿಯ ಹೋಟೆಲುಗಳಿಗೆ ಏರಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದದ್ದು ಮದ್ದೂರಿನ ಗೆಜ್ಜಲಗೆರೆಯಲ್ಲೇ. ಬೈಪಾಸಿನಲ್ಲಿ ಕಾರುಗಳು ಊರನ್ನು ಬಿಟ್ಟು ಹಾರಿದವು, ಹಳೆಯ ರಸ್ತೆಯ ಹೋಟೆಲುಗಳ ಗಲ್ಲಾಪೆಟ್ಟಿಗೆ ಹಗುರಾಯಿತು. ವಡೆಯ ರುಚಿ ಕೆಟ್ಟಿರಲಿಲ್ಲ, ಗಿರಾಕಿ ದಾರಿ ಬದಲಿಸಿದ್ದ. ಹಿಂದಿನ ವರ್ಷಕ್ಕಿಂತ ಶೇ 20 ಹೆಚ್ಚು ಮಾರಬೇಕೆಂದು ಗೋಡೆಗೆ ಬರೆದು ಅಂಟಿಸಿದ್ದರೆ ಆ ಅಂಕಿ ಯಾವ ಹೋಟೆಲನ್ನೂ ಉಳಿಸುತ್ತಿರಲಿಲ್ಲ.

ಸಣ್ಣ ಉದ್ಯಮ ನಡೆಸುವವರಿಗೆ ಇಷ್ಟು ಹೇಳಬಹುದು. ವರ್ಷದ ಗುರಿ ಬರೆಯಲು ಕೂತಾಗ ಮೊದಲ ಸಾಲಿನಲ್ಲಿ ವಹಿವಾಟಿನ ಮೊತ್ತ ಬೇಡ, ನಿಮ್ಮ ಸರಕಿಗಾಗಿ ಕಾದಿರುವವರ ಹೆಸರು ಬರಲಿ. ಅವರು ಯಾವ ದಿನ ಕಾಯುತ್ತಾರೆ, ತಡವಾದರೆ ಯಾರ ಹತ್ತಿರ ಹೋಗುತ್ತಾರೆ ಎಂಬುದು ಎರಡನೆಯ ಸಾಲು. ಅಕ್ಕಿ ಗಿರಣಿಯವರಿಗೆ ಕೊಳ್ಳುವ ಅಂಗಡಿಯಷ್ಟೇ ಭತ್ತ ತರುವ ರೈತನೂ ಗಿರಾಕಿ. ಕೆಲಸಗಾರರ ಗುರಿಯನ್ನು ಅವರನ್ನು ಕೂರಿಸಿಕೊಂಡೇ ಬರೆಯಿರಿ. ಆಲೆಮನೆಯಲ್ಲಿ ದಿನಕ್ಕೆ ಎಷ್ಟು ಕೊಪ್ಪರಿಗೆ ಇಳಿಸಬಹುದು ಎಂದು ಯಜಮಾನನಿಗಿಂತ ಪಾಕ ನೋಡುವವನಿಗೆ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ನೋಡಲಾಗದ ಗುರಿಯನ್ನು ವರ್ಷದ ಕೊನೆಗೆ ನೋಡಿ ಪ್ರಯೋಜನವಿಲ್ಲ. ಸಾಲ ತೆಗೆದು ಹೊಸ ಯಂತ್ರ ತರುವ ಮುಂಚೆ, ಅದರ ಅರ್ಧ ಉತ್ಪಾದನೆಗಾದರೂ ಬರಹದಲ್ಲಿ ಬೇಡಿಕೆ ಇದೆಯೇ ಎಂದು ಬ್ಯಾಂಕಿನವರು ಕೇಳುವ ಮೊದಲೇ ನೀವೇ ಕೇಳಿಕೊಳ್ಳಿ.

ಶಿವನಸಮುದ್ರದ ವಿದ್ಯುದಾಗಾರ ವಿಸ್ತಾರಗೊಂಡು ಇಂದು 42 ಮೆಗಾವಾಟ್ ಸಾಮರ್ಥ್ಯದ್ದಾಗಿದೆ. ಅದರ ಮೊದಲ ಗಿರಾಕಿಯಾಗಿದ್ದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಹೊತ್ತಿಗೆ ವಿದ್ಯುತ್ತಿಗೆ ರಾಜ್ಯವೇ ಗಿರಾಕಿಯಾಗಿತ್ತು.

ಮೈಷುಗರ್ ಆಡಳಿತಕ್ಕೆ ಒಂದು ಮನವಿ ಉಳಿದಿದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಹೊಸ ಕಾರ್ಖಾನೆಯ ನಕ್ಷೆ, ಎಥೆನಾಲ್ ಘಟಕ, ಇನ್ನಷ್ಟು ಸಾವಿರ ಟನ್ನಿನ ಮಾತು ಆಮೇಲೆ ಆಗಲಿ. ಮುಂದಿನ ಹಂಗಾಮಿಗೆ ಒಪ್ಪಿಗೆ ಮಾಡಿಕೊಳ್ಳುವ ಪ್ರತಿ ರೈತನ ಕೈಗೂ ಕಟಾವಿನ ವಾರ ಮತ್ತು ಹಣ ಬರುವ ದಿನ ಎರಡನ್ನೂ ಬರೆದ ಒಂದು ಚೀಟಿ ಕೊಡಿ, ಕೊಟ್ಟ ಚೀಟಿಗಳಲ್ಲಿ ಎಷ್ಟು ಉಳಿಸಿಕೊಂಡಿರಿ ಎಂಬ ಲೆಕ್ಕವನ್ನು ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಸೋಮವಾರ ಹಾಕಿ.